ಒಣಗಿದ ಚೈನು ಕಂಡರಾಗದ ಮೇಸ್ತ್ರಿ

ಬೈಕ್ ರಿಪೇರಿಯ ಮೇಸ್ತ್ರಿಗೆ ಒಣಗಿದ ಚೈನು ಕಂಡರೆ ಮೈಯೆಲ್ಲ ಉರಿ. ಬೀದಿಯ ತಿರುವಿನಲ್ಲಿ ಬೈಕೊಂದು ಕಿರ್ ಎಂದರೆ ಸಾಕು, ಅಂಗಡಿಯೊಳಗಿಂದಲೇ ಬೈಗುಳ ಶುರು: "ನೀವು ದಿನಾ ಹಲ್ಲುಜ್ತೀರಲ್ಲ ಸ್ವಾಮಿ, ಈ ಚೈನ್ ಏನ್ ಪಾಪ ಮಾಡಿತ್ತು?" ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಮಗುವಿನ ಕಿವಿ ತೊಳೆದ ಹಾಗೆ ಒಂದೊಂದೇ ಕೊಂಡಿ ತಿಕ್ಕಿ, ಒರೆಸಿ, ಎಣ್ಣೆ ಬಿಟ್ಟು, ಬೆರಳಿನಿಂದ ಎತ್ತಿ ಸಡಿಲ ನೋಡಿ, "ಹ್ಞೂಂ, ಈಗ ಉಸಿರಾಡ್ತಿದೆ" ಎನ್ನುತ್ತಾನೆ. ಚೈನು ಸವೆದಿದ್ದರೆ ಅದನ್ನು ಓಡಿಸುವ ಹಲ್ಲುಚಕ್ರಗಳನ್ನೂ ಜೊತೆಗೇ ಬದಲಿಸಲೇಬೇಕು. "ಚೈನ್ ಒಂದೇ ಸಾಕು" ಎಂದವರಿಗೆ, "ಹೊಸ ಸೊಸೇನ ಹಲ್ಲು ಕಡಿಯೋ ಅತ್ತೆ ಕೈಗೆ ಕೊಡ್ತೀರಾ? ನನ್ನಿಂದಾಗಲ್ಲ!" ಎಂದು ಪಾನಾ ಕೆಳಗಿಡುತ್ತಾನೆ. ಆದರೆ ಯಾರಾದರೂ, "ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ಚೈನ್ ತಾನೇ ತಿರುಗುತ್ತೆ, ಬೇಗ ಮುಗಿಯುತ್ತೆ" ಎಂದರೆ ಮಾತ್ರ ಆ ಬಾಯಿ ಕಟ್ಟಿಹೋಗುತ್ತದೆ. ಹಿಂದೊಮ್ಮೆ ಇವನ ತಮ್ಮ ಚಿಂದಿಬಟ್ಟೆ ಹಿಡಿದು ಚೈನು ಒರೆಸುತ್ತಿದ್ದಾಗ, ಬೇಗ ಆಗಲೆಂದು ಇಂಜಿನ್ ಚಾಲೂ ಮಾಡಿದವನು ಇವನೇ. ಪಕ್ಕದಲ್ಲಿ ಪಂಕ್ಚರ್ ಹಾಕುತ್ತಿರುವ ಆ ತಮ್ಮ, ತುದಿಯಿಲ್ಲದ ಎರಡು ಬೆರಳು ಆಡಿಸಿ, "ಅಯ್ಯೋ ಅಣ್ಣ, ನಾನೇ ಮರ್ತಿದೀನಿ, ನಿಂದೇನು ಗೋಳು!" ಎಂದು ನಗುತ್ತಾನೆ. ಅಣ್ಣ ನಗುವುದಿಲ್ಲ. ಬೈಕಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು, ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾನೆ.