ಒಳಲೆಯಲ್ಲಿ ಕೊಟ್ಟ ಬ್ರಾಂಡಿ

ಮಗಳು ಬಾಣಂತನಕ್ಕೆಂದು ಪಾವಗಡದ ಗಂಡನ ಮನೆಯಿಂದ ಕಳ್ಳಂಬೆಳ್ಳದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಕೂಸಿಗೆ ಆಗ ನಲವತ್ತು ದಿನ. ಮೂಗು ಕಟ್ಟಿ ಎರಡು ದಿನದಿಂದ ಒಂದೇ ಸಮನೆ ಅಳುತ್ತಿತ್ತು.

ಬೆಳಿಗ್ಗೆ ನನ್ನ ಹೆಂಡತಿ ಬಚ್ಚಲಲ್ಲಿ ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ತೊಟ್ಟಿಲು ತೂಗುವುದು ನನ್ನ ಕೆಲಸ. ಶೀತವಾದ ಕೂಸಿಗೆ ಜೇನುತುಪ್ಪದಲ್ಲಿ ಎರಡು ತೊಟ್ಟು ಬ್ರಾಂಡಿ ಬೆರೆಸಿ ನೆಕ್ಕಿಸುವುದು ನಮ್ಮ ಕಡೆ ಇದ್ದದ್ದೇ. ನನ್ನ ತಾಯಿ ನಮಗೆಲ್ಲ ಹಾಗೇ ಮಾಡಿದ್ದಳು. ಬ್ರಾಂಡಿಗಾಗಿ ನಾನು ಅಂಗಡಿಗೆ ಹೋಗಬೇಕಿರಲಿಲ್ಲ. ಮೂವತ್ತು ವರ್ಷ ಕುಡಿದವನು. ರಾಗಿ ಡ್ರಮ್ಮಿನ ಹಿಂದೆ ಸೀಸೆ ಇದ್ದೇ ಇರುತ್ತಿತ್ತು. ಮಗಳು ಬಂದಾಗಿನಿಂದ ಬೆಳಗಿನ ಗುಟುಕು ನಿಲ್ಲಿಸಿದ್ದರಿಂದ ಆ ಹೊತ್ತಿಗೆ ಕೈ ನಡುಗುತ್ತಿತ್ತು. ಕೂಸಿಗೆ ಔಷಧಿ ಹಾಕುವ ಒಳಲೆಗೆ ಎರಡು ತೊಟ್ಟು ಬೀಳಬೇಕಿದ್ದದ್ದು, ಅರ್ಧ ತುಂಬಿತು. ಚೆಲ್ಲಲು ಮನಸ್ಸು ಬರಲಿಲ್ಲ. ಬ್ರಾಂಡಿ ಚೆಲ್ಲಿ ನನಗೆ ಅಭ್ಯಾಸವೇ ಇರಲಿಲ್ಲ. ಹಾಗೇ ಜೇನು ಬೆರೆಸಿ ಕುಡಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನನಗೆ ಹೆಮ್ಮೆಯೇ ಆಯಿತು.

ಹಾಲು ಕುಡಿಸಲು ಮಗಳು ಎತ್ತಿಕೊಂಡಾಗ ಕೂಸಿನ ಕತ್ತು ಜೋತುಬಿತ್ತು. ಬಾಯಿ ತೆರೆಯಲಿಲ್ಲ. ಆಟೋದಲ್ಲಿ ಶಿರಾದ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಕೂಸು ಅಳಲಿಲ್ಲ. "ಮನೇಲಿ ಏನಾದ್ರೂ ಕುಡಿಸಿದ್ರಾ?"

"ಎದೆಹಾಲು ಬುಟ್ರೆ ಏನಿಲ್ಲ ಸಾರ್" ಎಂದಳು ಹೆಂಡತಿ. ಅವರು ನನ್ನ ಕಡೆ ನೋಡಿದರು. ನಾನೂ ಇಲ್ಲ ಎಂದೆ.

"ನಿನ್ನೆ ನಾನು ಮೊಸರು ತಿಂದ್ಬುಟ್ಟೆ ಕಣಮ್ಮ, ಅದ್ಕೇ ಇಂಗಾಗೈತೆ" ಎಂದು ಮಗಳು ಅಳತೊಡಗಿದಳು.

"ಬ್ಯಾಡ ಅಂತ ಬಡ್ಕಂಡೆ. ನಾಲಿಗೆ ಚಪಲ ನಿಂಗೆ" ಎಂದು ಹೆಂಡತಿ ಹಸಿ ಬಾಣಂತಿಯ ಬೆನ್ನಿಗೆ ಗುದ್ದಿದಳು. ನಾನು ನೋಡುತ್ತ ನಿಂತಿದ್ದೆ.

ಮಿದುಳು ಜ್ವರವಿದ್ದರೂ ಇರಬಹುದು, ಬೆನ್ನುಹುರಿಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕಾಗಬಹುದು, ತುಮಕೂರಿಗೆ ಬರೆದುಕೊಡುತ್ತೇನೆ ಎಂದರು ಡಾಕ್ಟರು. ಆ ಅಂಗೈಯಗಲದ ಬೆನ್ನು ನೋಡಿದೆ.

"ಬ್ರಾಂಡಿ ಕೊಟ್ಟೆ ಸಾರ್."

"ಎಷ್ಟು?"

"ಎರಡು ತೊಟ್ಟು."

"ಸರಿಯಾಗಿ ಹೇಳಿ."

"ಅರ್ಧ ಒಳಲೆ."

ಅವರು ಬೈಯಲಿಲ್ಲ. ಅದಕ್ಕೇ ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ ಎಂದು ನರ್ಸಿಗೆ ಗ್ಲೂಕೋಸ್ ಏರಿಸಲು ಹೇಳಿದರು. ನನ್ನ ಹೆಂಡತಿ ಎದೆ ಬಡಿದುಕೊಂಡು ಅತ್ತಳು. ಬಾಗಿಲ ಬಳಿ ಬೆಂಚಿನಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನ ಪರವಾಗಿ ಮಾತಾಡಿದಳು:

"ಅದ್ಕ್ಯಾಕಿಂಗೆ ಎದೆ ಒಡ್ಕಂತೀರಿ? ನಮ್ಮನೇಲಿ ಎಲ್ಲಾ ಕೂಸ್ಗೂ ಆಕ್ತೀವಿ. ಇದ್ಕೂ ಬೆಳಿಗ್ಗೆ ಬ್ರಾಂಡಿ ಆಕೇ ಕರ್ಕಂಬಂದಿರಾದು. ನೋಡಿ, ಎಂಗೆ ನಿದ್ದೆ ಮಾಡ್ತೈತೆ."

ಡಾಕ್ಟರು ಎರಡೇ ಹೆಜ್ಜೆಯಲ್ಲಿ ಹೋಗಿ ಅವಳ ಮಡಿಲಿನ ಕೂಸನ್ನು ಎತ್ತಿಕೊಂಡರು. ಬೆಂಚಿನ ಉಳಿದ ಹೆಂಗಸರನ್ನೂ ಕೇಳಿದರು. ಇಬ್ಬರು ತಲೆ ತಗ್ಗಿಸಿದರು. ಕುಡಿತವೆಂದರೆ ನನ್ನಂಥ ಗಂಡಸರ ಹಾಳು ಚಟ, ಅದು ಬಾರಿನ ಬಾಗಿಲಲ್ಲೇ ಶುರುವಾಗುತ್ತದೆ ಎಂದುಕೊಂಡಿದ್ದೆ.

ಸಂಜೆಗೆ ನಮ್ಮ ಕೂಸು ಕಣ್ಣು ಬಿಟ್ಟು ಅತ್ತಿತು. ನಾನು ಕೈ ಚಾಚಿದೆ. ಮಗಳು ಕೂಸಿನ ಮೇಲೆ ಸೆರಗು ಮುಚ್ಚಿಕೊಂಡು ಕೇಳಿದಳು: "ನಂಗೂ ಆಕಿದ್ಯೇನಪ್ಪ, ಚಿಕ್ಕೋಳಿದ್ದಾಗ?"

"ಹೂಂ" ಎಂದೆ.

ಆಸ್ಪತ್ರೆಯಿಂದ ಬಿಟ್ಟ ದಿನ ಅವಳು ಕಳ್ಳಂಬೆಳ್ಳಕ್ಕೆ ಬರಲಿಲ್ಲ. ಅಲ್ಲಿಂದಲೇ ಗಂಡನ ಜೊತೆ ಪಾವಗಡದ ಬಸ್ಸು ಹತ್ತಿದಳು. ಅಂದಿನಿಂದ ನಾನು ಕುಡಿದಿಲ್ಲ. ಅದನ್ನು ಅವಳಿಗೆ ಹೇಳಿ ಕಳಿಸಿದೆ, ಉತ್ತರ ಬರಲಿಲ್ಲ. ಕೂಸು ಈಗ ಗೋಡೆ ಹಿಡಿದು ನಡೆಯುತ್ತದಂತೆ. ಹೆಂಡತಿ ಹೋಗಿ ನೋಡಿ ಬಂದಳು.