ಜಗಲಿಗೂ ಹೆಂಚಿಗೂ ನಡುವೆ

ಅರವತ್ತರ ದಶಕದ ಕೊನೆಯ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಗಳಲ್ಲಿ ಮನೆ ಎಂದರೆ ಮೊದಲು ಕಾಣುತ್ತಿದ್ದುದು ಜಗಲಿ. ಅಲ್ಲಿ ಹೂ ಕಟ್ಟುವವರು, ಅಕ್ಕಿ ಆರಿಸುವವರು, ಸುಮ್ಮನೆ ದಾರಿ ನೋಡುವವರು ಯಾರಾದರೂ ಇದ್ದೇ ಇರುತ್ತಿದ್ದರು. ಈಗ ಆ ಓಣಿಗಳಲ್ಲಿ ಕೂರಲು ಜಾಗವಿಲ್ಲ, ಕರೆದು ಮಾತಾಡಿಸುವವರೂ ಇಲ್ಲ.

ಅಂಥ ಒಂದು ಓಣಿಯ ತುದಿಯಲ್ಲಿ ಅಡಿಕೆ ಮಂಡಿಯ ಹಳೆಯ ಗೋದಾಮು ಕುಸಿದು, ಅಂಗಳದ ತುಂಬ ಗೋಡೆಯ ಮಣ್ಣು ಬಿದ್ದಿತ್ತು. ಅದನ್ನು ಮಳೆಗೆ ಮುಂಚೆ ತೆಗೆಸುವುದು ನನ್ನಣ್ಣ ಒಪ್ಪಿಕೊಂಡ ಮೊದಲ ಕಂತ್ರಾಟು. ಆಳುಗಳು ಬಾಂಡ್ಲಿಯಲ್ಲಿ ತುಂಬಿದರೆ ಮುಗಿಯುವ ಕೆಲಸವಲ್ಲ. ಮಂಡಿಯ ಸಾಹುಕಾರರು ಖಡಾಖಂಡಿತವಾಗಿ ಹೇಳಿದ್ದರು: "ಸೋಮವಾರ ಮಿಷನ್ನು ಒಳಗೆ ಕಾಣ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

ಭದ್ರಾವತಿಯಲ್ಲಿ ಬಾಡಿಗೆಗೆ ಎರಡು ಯಂತ್ರಗಳಿದ್ದವು. ಒಂದು ಚೈನಿನ ಮೇಲೆ ಉರುಳುವ ದೊಡ್ಡದು, ಇನ್ನೊಂದು ರಬ್ಬರ್ ಚಕ್ರದ ಪುಟ್ಟ ಲೋಡರು. ಅಣ್ಣನ ಕಣ್ಣು ದೊಡ್ಡದರ ಮೇಲಿತ್ತು. ಆದರೆ ಓಣಿಯ ಅಗಲ ಅಳೆದು ಗಂಟು ಹಾಕಿ ತಂದಿದ್ದ ಹಗ್ಗ ಅದಕ್ಕೆ ಸಾಲಲಿಲ್ಲ. ಪುಟ್ಟದರ ಚಕ್ರದಿಂದ ಚಕ್ರಕ್ಕೆ ಹಿಡಿದಾಗ ಒಂದು ಗೇಣು ಮಿಕ್ಕಿತು. ಅದನ್ನೇ ಗೊತ್ತು ಮಾಡಿದ.

ಸೋಮವಾರ ಲೋಡರು ಓಣಿಗೆ ಬಂತು. ಒಬ್ಬ ಅಜ್ಜಿಯ ಜಗಲಿಯ ಮುಂದೆ ಡ್ರೈವರು ನಿಲ್ಲಿಸಿಬಿಟ್ಟ. ಎದುರಿನ ಮಣ್ಣೆತ್ತುವ ಬಕೆಟ್ಟು ಚಕ್ರಗಳಿಗಿಂತ ಎರಡೂ ಕಡೆ ಹೊರಗೆ ಚಾಚಿತ್ತು.

"ಕಾಲು ಅಳ್ದಿದೀರಿ ಸಾರ್, ಬಾಯಿ ಅಳ್ದಿಲ್ಲ" ಎಂದ.

ಮಂಡಿಯ ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ಅಲ್ಲಿಂದಲೇ, "ಆ ಜಗಲಿ ಅಂಚು ನಾಲ್ಕು ಬೆರಳು ಕೆತ್ತಿಸಿದ್ರೆ ಆಯ್ತಪ್ಪ" ಎಂದರು.

ಹೂ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. "ನಿಮ್ಮ ಗೋಡೆ ಬಿತ್ತು ಅಂತ ನನ್ನ ಜಗಲಿ ಕೆತ್ತಬೇಕಾ ಸಾಹುಕಾರ್ರೇ? ಚೆನ್ನಾಗಿದೆ ನ್ಯಾಯ."

ಅಣ್ಣ ಜಗಲಿ ನೋಡಿದ, ಮೇಲೆ ಚಾಚಿದ್ದ ಹೆಂಚು ನೋಡಿದ. "ಬಕೆಟ್ಟು ಇವೆರಡರ ಮಧ್ಯೆ ಎತ್ತಿ ಹಿಡಿದು ಹೋಗೋಕೆ ಆಗ್ತದಾ?"

"ಖಾಲಿ ಇದ್ರೆ ಆಗ್ತದೆ. ಮಣ್ಣು ತುಂಬ್ಕೊಂಡು ಅಷ್ಟೆತ್ತರ ಎತ್ತಿ ಓಡಿಸಿದ್ರೆ ಗಾಡಿನೇ ಮಗುಚ್ತದೆ."

"ತುಂಬ್ಕೊಂಡು ಓಡಾಡೋದು ಬೇಡ ಮಾರಾಯ. ಒಳಗೇ ಇದ್ದು ಎತ್ತಿನ ಗಾಡಿಗೆ ತುಂಬು. ಓಣೀಲಿ ಅವು ಓಡಾಡ್ತವೆ." ಆಮೇಲೆ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ಒಂಚೂರು ಒಳಗೆ ಹೋಗ್ತೀರಾ?"

"ನಾನು ಕೂತಿರೋ ಜಾಗದಲ್ಲೇ ಹೋಗಬೇಕಾ ಅದು?"

"ಹೌದಜ್ಜಿ."

"ಹೆಂಚು ಬಿದ್ರೆ ನೀನೇ ಹತ್ತಿ ಹೊದೆಸ್ಬೇಕು" ಎಂದು ಹೂವಿನ ಬುಟ್ಟಿ ಎತ್ತಿಕೊಂಡು ಹೊಸ್ತಿಲೊಳಗೆ ನಿಂತರು.

ಡ್ರೈವರು ಬಕೆಟ್ಟನ್ನು ಎದೆಯ ಎತ್ತರಕ್ಕೆ ಏರಿಸಿದ. ಓಣಿಯವರೆಲ್ಲ ಬಾಗಿಲಿಗೆ ಬಂದರು. ಅಣ್ಣ ಹಿಂದಕ್ಕೆ ಹೆಜ್ಜೆ ಇಡುತ್ತ ಒಂದು ಕೈಯಲ್ಲಿ ಜಗಲಿಯನ್ನೂ ಇನ್ನೊಂದರಲ್ಲಿ ಹೆಂಚನ್ನೂ ತೋರಿಸುತ್ತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬಕೆಟ್ಟು ಅಜ್ಜಿ ಕೂರುತ್ತಿದ್ದ ಜಾಗವನ್ನು ಸವರಿದಂತೆ ದಾಟಿತು. ಒಂದು ಹೆಂಚು ಅಲುಗಿತು, ಬೀಳಲಿಲ್ಲ.

ಸಾಹುಕಾರರು ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಸರಿ, ಎತ್ತಿನ ಗಾಡಿಯವರನ್ನ ಕರೆಸಿಕೊಳ್ಳಿ" ಎಂದು ಅಣ್ಣನಿಗೆ ಹೇಳಿ ಒಳಗೆ ಹೋದರು. ಬಹುವಚನದಲ್ಲಿ ಅವರು ಅವನನ್ನು ಮಾತಾಡಿಸಿದ್ದು ಅದೇ ಮೊದಲು.

ಅಜ್ಜಿ ಹೊರಗೆ ಬಂದು ಜಗಲಿಯನ್ನು ಸೆರಗಿನಿಂದ ಒರೆಸಿ ಕೂತರು. "ಅದು ವಾಪಸ್ ಹೋಗೋ ದಿನ ಮುಂಚೆ ಹೇಳಪ್ಪ. ಕಾಫಿ ಕುಡ್ದು ಏಳ್ತೀನಿ."