ನೀಲಮ್ಮತ್ತೆಯ ಪರಾತ

ಗಿರಣಿಯಿಂದ ಆಗಷ್ಟೇ ಬಂದ ಜೋಳದ ಹಿಟ್ಟಿನ ಬಿಸಿ ವಾಸನೆ ಬಡಿದರೆ ಸಾಕು, ನನ್ನ ತೋರುಬೆರಳು ತಾನಾಗಿಯೇ ಮುಂದೆ ಚಾಚಿಕೊಳ್ಳುತ್ತದೆ. ಸಂತಪುರದಾಚೆಯ ನಮ್ಮ ಮನೆಯಲ್ಲಿ ನಾನು ಅಕ್ಷರ ಕಲಿತದ್ದು ಹಿಟ್ಟಿನಲ್ಲಿ. ಅಪ್ಪನ ಅಕ್ಕ ನೀಲಮ್ಮತ್ತೆ, ಗಂಡ ತೀರಿದ ಮೇಲೆ ತವರಿಗೆ ಬಂದವಳು, ಸಂಜೆ ರೊಟ್ಟಿ ಬಡಿಯುವ ಮುಂಚೆ ಹಿತ್ತಾಳೆಯ ಪರಾತದಲ್ಲಿ, ಆ ಅಗಲ ತಟ್ಟೆಯಲ್ಲಿ, ಹಿಟ್ಟು ಹರವಿ, ಅಂಗೈಯಿಂದ ನುಣ್ಣಗೆ ಸವರಿ, ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಪಾಠಕ್ಕೆ ಒಂದು ಕಟ್ಟಳೆಯಿತ್ತು. "ಯಾತಕ್ಕ ಕಲೀತಿ, ಮೊದಲ ಹೇಳು" ಅನ್ನುವಳು. ಹೇಳದೆ ಹಿಟ್ಟು ಮುಟ್ಟುವಂತಿಲ್ಲ. ಅವಳ ಲೆಕ್ಕದಲ್ಲಿ ಅಕ್ಷರ ಬಸ್ಸಿನ ಬೋರ್ಡಿಗಾಗಿ. ಭಾಲ್ಕಿ, ಔರಾದ, ಬೀದರ ಎಂದು ನಾನು ಓದಿ ಹೇಳಿದ ಮೇಲೆಯೇ ನಾವಿಬ್ಬರೂ ಹತ್ತುತ್ತಿದ್ದೆವು. ಭಾಗಾಕಾರ ಕುಪ್ಪಸದ ಬಟ್ಟೆ ಕತ್ತರಿಸಲಿಕ್ಕೆ. ನನ್ನ ಉತ್ತರ ಮಾತ್ರ ದಿನವೂ ಒಂದೇ, ಬೀದರಿನ ದೊಡ್ಡ ಶಾಲೆ: "ಬೀದರ ಸಾಲಿಗಿ ಹೋಗ್ಲಾಕ, ಅತ್ತಿ." ಅವಳು ನಕ್ಕು ತಲೆಯಾಡಿಸುತ್ತಿದ್ದಳು. ಅದನ್ನು ಮಾತು ಕೊಟ್ಟಂತೆ ಎಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು ಕಲಿಯುವ ವಯಸ್ಸಿಗೆ ಬಂದಾಗ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಅವರನ್ನು ನನ್ನೆದುರು ಕೂರಿಸಿದಳು. ಬೆರಳು ಹಿಡಿದು ಹೇಗೆ ತಿದ್ದಿಸಬೇಕು, ಬೈಯದೆ ಹೇಗೆ ತಪ್ಪು ತೋರಿಸಬೇಕು, ಎಲ್ಲ ಹೇಳಿಕೊಟ್ಟಳು. ನನಗೋ ಹೆಮ್ಮೆಯೋ ಹೆಮ್ಮೆ. ನನ್ನ ಏಳನೆಯ ತರಗತಿ ಮುಗಿದು, ಬೀದರಿನ ಹಾಸ್ಟೆಲಿಗೆಂದು ಅಪ್ಪ ಟ್ರಂಕು ತಂದ ದಿನ, ಪಡಸಾಲೆಯಲ್ಲಿ ಎಲ್ಲರ ಮುಂದೆ ಅತ್ತೆ ಅಂದಳು, "ಇಕಿ ಹ್ವಾದ್ರ ಸಣ್ಣ ಹುಡುಗ್ರಿಗಿ ಹೇಳಿಕೊಡೋರು ಯಾರು? ಅದಕ್ಕೇ ಅಲ್ಲೇನು ನಾ ಇಕಿಗಿ ತಯಾರ್ ಮಾಡಿದ್ದು?"

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳು ನನ್ನತ್ತ ತಿರುಗಲಿಲ್ಲ. ಅಪ್ಪ ಟ್ರಂಕನ್ನು ಅಟ್ಟಕ್ಕೇರಿಸಿದ. ಮುಂದೊಮ್ಮೆ ಅದು ಬೀದರಿಗೆ ಹೋಯಿತು, ಚಿಕ್ಕಪ್ಪನ ಹಿರಿಮಗನ ಜೊತೆ.

ಈಗ ಆ ಮನೆಯಿಲ್ಲ, ಕಲ್ಲುಗಳನ್ನೂ ಕಿತ್ತು ಮಾರಿದರು. ಅತ್ತೆಯೂ ಇಲ್ಲ. ಅವಳಷ್ಟು ಚೆಂದ ಕಲಿಸಿದವರನ್ನು ನಾನು ಕಂಡಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟವಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಪರಾತ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಹಿಟ್ಟು ಸುರಿದಾಗಲೆಲ್ಲ ಟ್ರಂಕು ಅಟ್ಟ ಸೇರಿದ ಮರುದಿನದ ಸಂಜೆ ಕಣ್ಣೆದುರು ಬರುತ್ತದೆ. ಅತ್ತು ಬಾತ ಕಣ್ಣಲ್ಲೇ ಹುಡುಗರ ಪಾಠಕ್ಕೆ ಕೂತೆ. ಹಿಟ್ಟು ಹರವಿದೆ. ಕಟ್ಟಳೆಯಂತೆ ಕೇಳಿದೆ, "ಯಾತಕ್ಕ ಕಲೀತೀರಿ?"

ನನ್ನ ಬಾಯಲ್ಲಿ ಕೇಳಿ ಕೇಳಿ ಕಲಿತಿದ್ದನ್ನೇ ಹಿರಿಯವನು ಹೇಳಿದ: "ಬೀದರ ಸಾಲಿಗಿ ಹೋಗ್ಲಾಕ, ಅಕ್ಕಾ."

ಒಲೆಯ ಮುಂದೆ ಕೂತಿದ್ದ ಅತ್ತೆ ನಕ್ಕು ತಲೆಯಾಡಿಸಿದಳು.